ಬಾಣಂತನದ ನಲವತ್ತೆರಡು ದಿನಗಳು: ಹಿರಿಯರಿಗೊಂದು ಬಹಿರಂಗ ಪತ್ರ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಮಗಳ ಅಥವಾ ಸೊಸೆಯ ಬಾಣಂತನದ ಹೊಣೆ ಹೊತ್ತಿರುವ ಎಲ್ಲ ಹಿರಿಯರಿಗೆ,

ಹೆರಿಗೆಯಾದ ಗಳಿಗೆಯಿಂದ ಆರು ವಾರಗಳವರೆಗೆ, ಅಂದರೆ 42 ದಿನ, ತಾಯಿ ಮತ್ತು ಮಗು ಇಬ್ಬರನ್ನೂ ಗೊತ್ತುಮಾಡಿದ ದಿನಗಳಂದು ಪರೀಕ್ಷಿಸುವ ಕ್ರಮಕ್ಕೆ ಹೆರಿಗೆ ನಂತರದ ತಪಾಸಣೆ ಎನ್ನುತ್ತಾರೆ. ಜ್ವರ ಬಂದಾಗ, ರಕ್ತ ಹೋದಾಗ ಆಸ್ಪತ್ರೆಗೆ ಓಡುವುದು ಚಿಕಿತ್ಸೆ. ತಪಾಸಣೆ ನಡೆಯಬೇಕಾದದ್ದು ಎಲ್ಲವೂ ಸರಿಯಿದೆ ಎಂದು ತೋರುವಾಗಲೇ. 42 ಎಂಬ ಎಣಿಕೆಗೂ ಕಾರಣವಿದೆ. ಬಸಿರಿನಲ್ಲಿ ಹಿಗ್ಗಿದ ಗರ್ಭಕೋಶ ಕುಗ್ಗಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರಲು ಅಷ್ಟು ಕಾಲ ಬೇಕು. ಬಸಿರು ಮುಗಿದ 42 ದಿನಗಳೊಳಗೆ, ಬಸಿರು ಹೆರಿಗೆಗಳಿಗೆ ಸಂಬಂಧಿಸಿದ ಕಾರಣದಿಂದ ಆಗುವ ಸಾವನ್ನು ವಿಶ್ವ ಆರೋಗ್ಯ ಸಂಸ್ಥೆ ತಾಯಿಮರಣ ಎಂದು ಲೆಕ್ಕಹಾಕುತ್ತದೆ. ಬಾಣಂತಿಯನ್ನು ನಲವತ್ತು ದಿನ ಜೋಪಾನ ಮಾಡಬೇಕೆಂದು ಹಿಂದಿನವರು ಇಟ್ಟುಕೊಂಡ ಲೆಕ್ಕ ಇದಕ್ಕೆ ಎರಡೇ ದಿನ ಕಡಿಮೆ.

ಕರ್ನಾಟಕದಲ್ಲಿ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂದು ಬಹಳ ಕಾಲವಾಗಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆದರೂ 2018–20ರ ಅವಧಿಯಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ ರಾಜ್ಯ 69 ತಾಯಂದಿರನ್ನು ಕಳೆದುಕೊಂಡಿತು. ಅದೇ ಅವಧಿಯಲ್ಲಿ ಕೇರಳದ ಸಂಖ್ಯೆ 19, ತಮಿಳುನಾಡಿನದು 54. ದಕ್ಷಿಣದ ರಾಜ್ಯಗಳಲ್ಲಿ ಕರ್ನಾಟಕದ್ದೇ ಹೆಚ್ಚು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಆದ 464 ತಾಯಂದಿರ ಸಾವುಗಳನ್ನು ಆರೋಗ್ಯ ಇಲಾಖೆ ಪರಿಶೀಲಿಸಿದಾಗ, ಅವುಗಳಲ್ಲಿ ಸುಮಾರು ಶೇ. 70ರಷ್ಟನ್ನು ತಪ್ಪಿಸಬಹುದಿತ್ತು ಎಂದು ಕಂಡುಬಂತು. ಆಸ್ಪತ್ರೆಯ ಬಾಗಿಲವರೆಗಿನ ದಾರಿ ಚೆನ್ನಾಗಿದೆ. ಅಲ್ಲಿಂದ ಮನೆಗೆ ಮರಳಿದ ಮೇಲಿನ ದಾರಿ ಇನ್ನೂ ಕಚ್ಚಾ ರಸ್ತೆ.

ಯಾವ ದಿನ ನೋಡಬೇಕು ಎಂಬುದರಲ್ಲಿ ಗೊಂದಲವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಸಲಹೆಯಂತೆ, ಸಹಜ ಹೆರಿಗೆಯಾದರೂ ತಾಯಿ ಮಗು ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿರಬೇಕು. ಆಮೇಲೆ ಕನಿಷ್ಠ ಮೂರು ಸಲ ತಪಾಸಣೆ ಆಗಬೇಕು: 48ರಿಂದ 72 ಗಂಟೆಗಳ ನಡುವೆ ಒಮ್ಮೆ, 7ರಿಂದ 14 ದಿನಗಳ ನಡುವೆ ಒಮ್ಮೆ, ಆರನೇ ವಾರದಲ್ಲಿ ಒಮ್ಮೆ. ಭಾರತದಲ್ಲಿ 2011ರಿಂದ ನಡೆಯುತ್ತಿರುವ ಮನೆ ಆಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಲ್ಲಿ ಭೇಟಿಗಳು ಇನ್ನೂ ಹೆಚ್ಚು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಮನೆಯಲ್ಲೇ ಆಗಿದ್ದರೆ ಮೊದಲ ದಿನವೂ ಬರಬೇಕು. ಈ ಕ್ರಮದ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಣ್ಣುಮಕ್ಕಳಿಗೆ ಮಗುವಿನ ಉಸಿರು ಎಣಿಸುವುದನ್ನು, ಮೈ ಬಿಸಿ ಅಳೆಯುವುದನ್ನು, ತೂಕ ನೋಡುವುದನ್ನು ಕಲಿಸಿ ಬಾಣಂತಿಯರ ಮನೆಗೆ ಕಳಿಸಿದರು. ನವಜಾತ ಶಿಶುಗಳ ಸಾವು ಶೇ. 62ರಷ್ಟು ಇಳಿಯಿತೆಂದು 1999ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ದೊಡ್ಡ ಆಸ್ಪತ್ರೆಯಿಲ್ಲದ ಊರುಗಳಲ್ಲಿ ಈ ಫಲ ಬಂದದ್ದು ಹೊತ್ತಿಗೆ ಸರಿಯಾಗಿ ಒಬ್ಬರು ಹೋಗಿ ನೋಡಿದ್ದರಿಂದ.

ಬಾಣಂತನದ ಪಂಚಾಂಗಕ್ಕೂ ತಪಾಸಣೆಯ ಪಂಚಾಂಗಕ್ಕೂ ತಾಕಲಾಟ ಆಗುವುದು ಇಲ್ಲೇ. ಪುರುಡು ಕಳೆಯುವುದು ಹನ್ನೊಂದನೇ ದಿನ. ಅಲ್ಲಿಯವರೆಗೆ ಹೊರಗಿನವರನ್ನು ಕೋಣೆಗೆ ಬಿಡದ ಮನೆಗಳು ಇಂದಿಗೂ ಇವೆ. ಮೂರನೇ ದಿನ, ಏಳನೇ ದಿನ ಎಂಬ ಎರಡು ಮುಖ್ಯ ತಪಾಸಣೆಗಳು ಬೀಳುವುದು ಆ ಹನ್ನೊಂದು ದಿನಗಳ ಒಳಗೇ. ನಾಮಕರಣ ಮುಗಿಯಲಿ, ಆಮೇಲೆ ತೋರಿಸಿದರಾಯಿತು ಎಂದು ಮುಂದೂಡಿದರೆ ಕಾಮಾಲೆ ಏರುವ ದಿನಗಳೂ, ತಾಯಿಯ ರಕ್ತದೊತ್ತಡ ಏರುವ ದಿನಗಳೂ ಆಗಲೇ ಕಳೆದಿರುತ್ತವೆ. ಹೊರಗಿನ ಸೋಂಕು ಬಾಣಂತಿಗೆ ತಾಗದಿರಲಿ ಎಂಬ ಎಚ್ಚರ ಪುರುಡಿನ ಆಚರಣೆಯಲ್ಲಿ ಇದೆ ಎನ್ನುವುದಾದರೆ, ಸೋಪಿನಲ್ಲಿ ಕೈ ತೊಳೆದು ಒಳಗೆ ಬರುವ ದಾದಿಯಿಂದ ಆ ಎಚ್ಚರಕ್ಕೆ ಭಂಗವಿಲ್ಲ.

ಇನ್ನೊಂದು ತೊಡಕು ತವರಿನದು. ಬಸಿರಿನ ತಪಾಸಣೆ ಗಂಡನ ಮನೆಯ ಹತ್ತಿರ, ಹೆರಿಗೆ ಮತ್ತು ಬಾಣಂತನ ತವರಿನಲ್ಲಿ. ವಿಜಯನಗರದಲ್ಲಿ ಹೆಸರು ಬರೆಸಿದ ಸೊಸೆ ಮಾಗಡಿಗೋ ಮಂಡ್ಯಕ್ಕೋ ಹೋಗಿರುತ್ತಾಳೆ. ಹಾಸನದಲ್ಲಿ ಬರೆಸಿದ ಮಗಳು ಬಸವೇಶ್ವರನಗರದ ತಾಯಿಯ ಮನೆಗೆ ಬಂದಿರುತ್ತಾಳೆ. ಅಲ್ಲಿನ ಪಟ್ಟಿಯಲ್ಲಿ ಹೆಸರಿದ್ದರೂ ಆಕೆ ಅಲ್ಲಿರುವುದಿಲ್ಲ, ಇಲ್ಲಿನ ಪಟ್ಟಿಗೆ ಸೇರಿರುವುದಿಲ್ಲ. ಈ ಬಿರುಕನ್ನು ಮುಚ್ಚುವ ವಸ್ತು ತಾಯಿ ಕಾರ್ಡ್. ಬಸಿರಿನಲ್ಲಿ ಬಿ.ಪಿ. ಎಷ್ಟಿತ್ತು, ಹಿಮೋಗ್ಲೋಬಿನ್ ಎಷ್ಟು, ಸಕ್ಕರೆ ಕಂಡಿತ್ತೇ ಎಂಬುದರಿಂದ ಹಿಡಿದು ಮಗುವಿನ ಲಸಿಕೆ, ತೂಕದ ಗೆರೆಯವರೆಗೆ ಎಲ್ಲವೂ ಅದರಲ್ಲಿ ಇರುತ್ತವೆ. ತವರಿಗೆ ಹೊರಡುವ ಚೀಲದಲ್ಲಿ ಸೀರೆಗಿಂತ ಮೊದಲು ಸೇರಬೇಕಾದದ್ದು ಅದು. ತವರಿಗೆ ಬಂದ ವಾರದಲ್ಲೇ ಅಲ್ಲಿನ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾರ್ಡ್ ತೋರಿಸಿ ಹೆಸರು ಸೇರಿಸಿದರೆ ಮುಂದಿನ ಭೇಟಿ, ಲಸಿಕೆಗಳು ತಪ್ಪುವುದಿಲ್ಲ.

ನಗರದಲ್ಲಿ ಆಶಾ ವ್ಯವಸ್ಥೆ ಎಲ್ಲ ಮನೆಗಳನ್ನೂ ಮುಟ್ಟುವಂತೆ ರೂಪುಗೊಂಡಿಲ್ಲ ಎಂಬುದನ್ನೂ ಹೇಳಬೇಕು. 2013ರಲ್ಲಿ ಬಂದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ ಆಶಾ ಕಾರ್ಯಕರ್ತೆಯರನ್ನು ಮುಖ್ಯವಾಗಿ ಕೊಳೆಗೇರಿ ಮತ್ತು ಬಡವರ ವಸತಿಗಳಿಗೆ ಕೊಟ್ಟಿತು. ರಾಜಾಜಿನಗರದ ಬ್ಲಾಕುಗಳ ಸ್ವಂತ ಮನೆಗಳಿಗೆ, ಕೆಂಗೇರಿ ಉಪನಗರದಾಚೆ ಎದ್ದ ಅಪಾರ್ಟ್‌ಮೆಂಟುಗಳಿಗೆ ಯಾರೂ ಬಂದು ಬಾಗಿಲು ಬಡಿಯದಿರಬಹುದು. ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಕುಟುಂಬಕ್ಕೆ ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ಒಂದು ದಿನಾಂಕ ಸಿಗುತ್ತದೆ, ಅಷ್ಟೆ. ಅಂಥ ಮನೆಗಳಲ್ಲಿ ದಿನ ಎಣಿಸುವ ಕೆಲಸ ಹಿರಿಯರದೇ. ಹೋಗಲು ಜಾಗಗಳಿಗೆ ಕೊರತೆಯಿಲ್ಲ. ವಿಜಯನಗರದ ಕಡೆಗೆ ಹೊಸಹಳ್ಳಿ ರೆಫರಲ್ ಆಸ್ಪತ್ರೆ, ರಾಜಾಜಿನಗರದ ಪಕ್ಕಕ್ಕೆ ಶ್ರೀರಾಮಪುರ ರೆಫರಲ್ ಆಸ್ಪತ್ರೆ, ಕೆಂಗೇರಿಯಲ್ಲಿ ಸಮುದಾಯ ಆರೋಗ್ಯ ಕೇಂದ್ರ, ವಿಮೆಯಿರುವ ಕಾರ್ಮಿಕ ಕುಟುಂಬಗಳಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇವೆ. ಕಷ್ಟದ ಪ್ರಕರಣಗಳು ಕೊನೆಗೆ ತಲುಪುವುದು 1935ರಿಂದ ನಗರದ ತಾಯಿ ಮಕ್ಕಳನ್ನು ಕಾಯುತ್ತ ಬಂದಿರುವ ವಾಣಿವಿಲಾಸಕ್ಕೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಔಷಧಿ, ಪರೀಕ್ಷೆ, ರಕ್ತ, ಊಟ ಎಲ್ಲವೂ ಉಚಿತ; ಊಟ ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನದವರೆಗೆ. ಮನೆಗೆ ಬಿಡಲು ‘ನಗು-ಮಗು’ ವಾಹನವಿದೆ. ಒಂದು ವರ್ಷದೊಳಗಿನ ಮಗು ಕಾಯಿಲೆ ಬಿದ್ದರೆ ಚಿಕಿತ್ಸೆಯೂ ಉಚಿತ. ಬೇಗ ಮನೆಗೆ ಹೋಗೋಣ ಎಂಬ ಅವಸರದಲ್ಲಿ ಆಸ್ಪತ್ರೆಯ ಈ ದಿನಗಳನ್ನು ಬಿಟ್ಟುಕೊಡುವುದು ನಷ್ಟದ ಮಾತು.

ಮೊದಲ 24 ಗಂಟೆಗಳಲ್ಲಿ ನೋಡುವುದು ಮುಖ್ಯವಾಗಿ ರಕ್ತಸ್ರಾವವನ್ನು. ಕಸ ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಕುಗ್ಗದಿದ್ದರೆ ರಕ್ತ ನಿಲ್ಲುವುದಿಲ್ಲ. ದಾದಿ ಆಗಾಗ ಹೊಟ್ಟೆ ಒತ್ತಿ ನೋಡುವುದು ಅದಕ್ಕೇ. ಮಗುವಿಗೆ ಹುಟ್ಟಿದ ಗಂಟೆಯೊಳಗೆ ಎದೆಹಾಲು, ವಿಟಮಿನ್ ಕೆ ಚುಚ್ಚುಮದ್ದು, 24 ಗಂಟೆಯೊಳಗೆ ಹೆಪಟೈಟಿಸ್ ಬಿ, ಜತೆಗೆ ಬಿಸಿಜಿ ಮತ್ತು ಪೋಲಿಯೋ ಹನಿ. ಸ್ನಾನಕ್ಕೆ ಕನಿಷ್ಠ ಒಂದು ದಿನ ತಡೆದರೆ ಮಗುವಿನ ಮೈ ತಣ್ಣಗಾಗುವುದಿಲ್ಲ.

ಮೂರನೇ ದಿನದ ತಪಾಸಣೆ ಎಲ್ಲಕ್ಕಿಂತ ಹೆಚ್ಚು ತಪ್ಪಿಹೋಗುವಂಥದ್ದು, ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು. ಹೆರಿಗೆಯಾದ ಕೂಡಲೇ ಬಿ.ಪಿ. ಇಳಿಯಿತು, ಇನ್ನು ಭಯವಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಬಾಣಂತಿಯ ರಕ್ತದೊತ್ತಡ ಮೂರರಿಂದ ಆರನೇ ದಿನದ ನಡುವೆ ಮತ್ತೆ ಮೇಲೇರುತ್ತದೆ. ಬಸಿರಿನಲ್ಲಿ ಅಧಿಕ ರಕ್ತದೊತ್ತಡವೇ ಇಲ್ಲದವರಿಗೂ ಈ ದಿನಗಳಲ್ಲಿ ಹೊಸದಾಗಿ ಬರಬಹುದು, ಅಪಸ್ಮಾರದಂಥ ಸೆಳೆತಕ್ಕೂ ತಿರುಗಬಹುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮೇಲ್ಹೊಟ್ಟೆಯ ನೋವು ಇದರ ಮುನ್ಸೂಚನೆ. ಮನೆಯಲ್ಲಿ ಇವನ್ನು ನಿದ್ದೆಗೆಟ್ಟಿದ್ದಕ್ಕೆ, ತಲೆಗೆ ಗಾಳಿ ತಾಕಿದ್ದಕ್ಕೆ, ವಾಯುವಿಗೆ ಹೊಂದಿಸಿ ಸ್ಕಾರ್ಫ್ ಬಿಗಿದು ಮಲಗಿಸುತ್ತಾರೆ. ಬಿ.ಪಿ. ನೋಡಲು ಬೇಕಾದದ್ದು ಎರಡು ನಿಮಿಷ.

ಅದೇ ದಿನ ಮಗುವಿನಲ್ಲಿ ನೋಡಬೇಕಾದದ್ದು ಕಾಮಾಲೆ. ದಿನ ತುಂಬಿ ಹುಟ್ಟಿದ ಮಕ್ಕಳಲ್ಲೂ ಮೂರರಿಂದ ಐದನೇ ದಿನ ಹಳದಿ ಹೆಚ್ಚುವುದು ಸಾಮಾನ್ಯ. ಬಹುತೇಕರಲ್ಲಿ ತಾನೇ ಇಳಿಯುತ್ತದೆ. ಆದರೆ ಹುಟ್ಟಿದ 24 ಗಂಟೆಯೊಳಗೆ ಕಂಡರೆ, ಅಂಗೈ ಅಂಗಾಲಿಗೂ ಹಳದಿ ಇಳಿದರೆ, ಮಗು ಹಾಲು ಕುಡಿಯದೆ ಮಂಕಾದರೆ ತಡಮಾಡುವಂತಿಲ್ಲ. ಮಿತಿಮೀರಿದ ಹಳದಿ ಮಿದುಳಿಗೆ ಇಳಿದರೆ ಕಿವುಡು ಮತ್ತು ಕೈಕಾಲುಗಳ ಚಲನೆಯ ಶಾಶ್ವತ ತೊಂದರೆ ಉಳಿಯಬಹುದು. ಬೆಳಗಿನ ಬಿಸಿಲಿಗೆ ಹಿಡಿಯುವುದು ಇದಕ್ಕೆ ಚಿಕಿತ್ಸೆಯಲ್ಲ. ಆಸ್ಪತ್ರೆಯ ನೀಲಿ ಬೆಳಕಿನ ಕೆಳಗೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿದುಹೋಗುವ ಸಮಸ್ಯೆ ಇದು. ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಥೈರಾಯ್ಡ್ ಪರೀಕ್ಷಿಸುವುದಕ್ಕೂ 48 ಗಂಟೆ ಕಳೆದ ಈ ಹೊತ್ತು ಸೂಕ್ತ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಗುವಿಗೆ ಮೊದಲ ವಾರಗಳಲ್ಲೇ ಮಾತ್ರೆ ಶುರುವಾದರೆ ಬುದ್ಧಿ ಬೆಳವಣಿಗೆ ಉಳಿಯುತ್ತದೆ.

ಎರಡನೇ ವಾರದ ತಪಾಸಣೆಯಲ್ಲಿ ತಕ್ಕಡಿ ಮುಖ್ಯ. ಮೊದಲ ದಿನಗಳಲ್ಲಿ ಮಗು ಶೇ. 10ರವರೆಗೆ ತೂಕ ಕಳೆದುಕೊಂಡು ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಎಂದು ತಿಳಿಯಬಹುದು. ಹಾಲು ಸಾಲದು ಎಂಬ ಅನುಮಾನ ಬಂದಾಗ ತಕ್ಕಡಿ ನೋಡದೆ ಬಾಟಲಿಗೆ ಕೈ ಹಾಕುವುದರಿಂದಲೇ ಎಷ್ಟೋ ತಾಯಂದಿರ ಹಾಲು ಬತ್ತುತ್ತದೆ. ಹೊಕ್ಕುಳು ಒಣಗಿದೆಯೇ, ಕೀವಿದೆಯೇ ನೋಡುತ್ತಾರೆ. ಅದಕ್ಕೆ ಬೂದಿ, ಎಣ್ಣೆ, ಅರಿಸಿನ ಏನೂ ಬೇಡ. ತಾಯಿಯಲ್ಲಿ ಹೊಲಿಗೆ, ಮೊಲೆಯ ಗಂಟು, ಸ್ರಾವದ ವಾಸನೆ, ಜ್ವರ ನೋಡುತ್ತಾರೆ. ಹಿಂದಿನವರು ಬಾಣಂತಿ ನಂಜು ಎಂದು ಹೆದರುತ್ತಿದ್ದುದು ಈ ಸೋಂಕಿಗೇ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಸಿಸೇರಿಯನ್ ಆದವರಲ್ಲಿ, ಹೆಚ್ಚು ಓಡಾಡದೆ ಮಲಗಿದವರಲ್ಲಿ ಇದರ ಅಪಾಯ ಹೆಚ್ಚು.

ಬಾಣಂತನದ ಆಚರಣೆಗಳಲ್ಲಿ ಉಳಿಸಿಕೊಳ್ಳಬೇಕಾದದ್ದೇ ಬಹುಪಾಲು. ಅಡುಗೆಮನೆಯಿಂದ ಬಿಡುವು, ಬಿಸಿಬಿಸಿ ಊಟ, ತುಪ್ಪ, ಮೆಂತ್ಯ, ಸೊಪ್ಪಿನ ಸಾರು, ಎಣ್ಣೆ ತಿಕ್ಕಿ ಹಂಡೆ ನೀರು ಹೊಯ್ಯುವುದು, ರಾತ್ರಿ ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ. ಹೊರದೇಶದ ಎಷ್ಟೋ ತಾಯಂದಿರಿಗೆ ದುಡ್ಡು ಕೊಟ್ಟರೂ ಸಿಗದ ಆರೈಕೆ ಇದು. ಬಿಡಬೇಕಾದವು ನಾಲ್ಕೈದು. ಹಾಲೂಡುವ ತಾಯಿಗೆ ಬಾಯಾರಿಕೆ ಹೆಚ್ಚು. ಹೊಟ್ಟೆ ಬರುತ್ತದೆಂದು ನೀರು ತಡೆದರೆ ಮಲಬದ್ಧತೆ, ಉರಿಮೂತ್ರ ಬರುತ್ತವೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟರೆ ವಾಸನೆಯೇ ಇಲ್ಲದ ವಿಷಾನಿಲ ತಾಯಿ ಮಗು ಇಬ್ಬರನ್ನೂ ಕೊಲ್ಲಬಲ್ಲದು. ಮಗುವಿನ ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಜೇನು, ತೇಯ್ದ ಬಜೆ, ಸಕ್ಕರೆ ನೀರು ಯಾವುದೂ ಆರು ತಿಂಗಳೊಳಗೆ ಎದೆಹಾಲಿನ ಜಾಗಕ್ಕೆ ಬರಬಾರದು.

ದಿನ ತುಂಬದೆ ಹುಟ್ಟಿದ ಮಗುವಿಗೆ ಇನ್ನೊಂದು ತಪಾಸಣೆಯಿದೆ, ಅದು ಕಣ್ಣಿನದು. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಗಿದ ಮಕ್ಕಳ ಅಕ್ಷಿಪಟದಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹೊರಗೆ ಬಂದ ಮೇಲೆ ಅವು ಅಡ್ಡಾದಿಡ್ಡಿ ಬೆಳೆದು, ಕೊನೆಗೆ ಅಕ್ಷಿಪಟವನ್ನೇ ಕಿತ್ತು ಕುರುಡು ತರಬಹುದು. ಹೊರಗಿನಿಂದ ನೋಡಿದವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಹುಟ್ಟಿದ 30 ದಿನದೊಳಗೆ, ಬಹಳ ಸಣ್ಣ ಮಕ್ಕಳಿಗೆ ಎರಡು ಮೂರು ವಾರಕ್ಕೇ, ಪಾಪೆ ಹಿಗ್ಗಿಸಿ ನೋಡಿದರೆ ಮಾತ್ರ ತಿಳಿಯುತ್ತದೆ. ಬೇಕಾದವರಿಗೆ ಸಕಾಲದಲ್ಲಿ ಲೇಸರ್ ಕೊಟ್ಟರೆ ದೃಷ್ಟಿ ಉಳಿಯುತ್ತದೆ. ಈ ಕೆಲಸದಲ್ಲಿ ದೇಶಕ್ಕೇ ದಾರಿ ತೋರಿದ ಪ್ರಯತ್ನವೊಂದು ಆರಂಭವಾದದ್ದು ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿರುವ ನಾರಾಯಣ ನೇತ್ರಾಲಯದಲ್ಲಿ. 2008ರಲ್ಲಿ ಡಾ. ಆನಂದ್ ವಿಣೇಕರ್ ಮತ್ತು ಅವರ ತಂಡ ‘ಕಿಡ್ರಾಪ್’ ಎಂಬ ಕಾರ್ಯಕ್ರಮ ಶುರುಮಾಡಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿಟ್ಟುಕೊಂಡು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಮಗುವಿನ ಅಕ್ಷಿಪಟದ ಚಿತ್ರ ತೆಗೆಯುತ್ತಾರೆ, ಅಲ್ಲೇ ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ. ಕೆಂಪಿಗೆ ತುರ್ತು ಚಿಕಿತ್ಸೆ, ಕಿತ್ತಳೆಗೆ ಮರುಪರೀಕ್ಷೆ, ಹಸಿರಿಗೆ ಬಿಡುಗಡೆ. ದೂರದಲ್ಲಿರುವ ತಜ್ಞರು ಚಿತ್ರಗಳನ್ನು ಅಂತರ್ಜಾಲದ ಮೂಲಕ ನೋಡುತ್ತಾರೆ. ಈ ರೋಗ ಬಲ್ಲ ಕಣ್ಣಿನ ವೈದ್ಯರು ಬೆರಳೆಣಿಕೆಯಷ್ಟಿದ್ದ ನಾಡಿನಲ್ಲಿ ಇದು ಅಸಂಖ್ಯ ಬಡ ಮಕ್ಕಳನ್ನು ಕತ್ತಲೆಯಿಂದ ಉಳಿಸಿದ ಉಪಾಯ. ಜಿಲ್ಲೆಗಳ ಮಕ್ಕಳ ಬಳಿಗೆ ಕ್ಯಾಮೆರಾ ಹೋಗುವಾಗ, ರಾಜಾಜಿನಗರದಲ್ಲೇ ಅವಧಿಗೆ ಮೊದಲು ಹುಟ್ಟಿದ ಮಗುವಿನ ಮೂವತ್ತನೇ ದಿನ ‘ನಲವತ್ತು ಕಳೆಯಲಿ’ ಎಂಬ ಮಾತಿನಲ್ಲಿ ಮುಗಿದುಹೋಗಬಾರದು.

ಕಿವಿಯ ಪರೀಕ್ಷೆ ಎಲ್ಲ ಮಕ್ಕಳಿಗೂ ಬೇಕು: ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ.

ತಾಯಿಯ ಮನಸ್ಸಿನ ತಪಾಸಣೆಯನ್ನು ಕಾರ್ಡಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಮೂರನೇ ದಿನದಿಂದ ಕಾರಣವಿಲ್ಲದೆ ಅಳು ಬರುವುದು, ಸಿಡುಕು ಬಹಳ ಮಂದಿಗೆ ಸಹಜ. ಎರಡು ವಾರದಲ್ಲಿ ಹೋಗುತ್ತದೆ. ಆಮೇಲೂ ಉಳಿದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ ಅದು ಖಿನ್ನತೆ. ಕಳೆದ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆ ಕೇಳುವ ಎಡಿನ್‌ಬರೋ ಪ್ರಶ್ನಾವಳಿ ಕನ್ನಡದಲ್ಲೂ ಇದೆ. ಖಿನ್ನತೆಗಿಂತ ತೀವ್ರವಾದ ಕಾಯಿಲೆಯೊಂದು ಸಾವಿರ ಹೆರಿಗೆಗಳಲ್ಲಿ ಒಂದೆರಡಕ್ಕೆ, ಸಾಮಾನ್ಯವಾಗಿ ಮೊದಲೆರಡು ವಾರದಲ್ಲಿ, ದಿಢೀರನೆ ಬರುತ್ತದೆ. ಇಲ್ಲದ ದನಿ ಕೇಳುವುದು, ಮಗು ತನ್ನದಲ್ಲ ಎನ್ನುವುದು, ವಿಪರೀತ ಮಾತು, ನಿದ್ದೆಯಿಲ್ಲದೆ ಓಡಾಟ ಇದರ ಲಕ್ಷಣ. ಹಳೆಯ ಕನ್ನಡ ಮನೆಗಳು ಬಾಣಂತಿ ಸನ್ನಿ ಎಂದು ಹೆಸರಿಟ್ಟದ್ದರಲ್ಲಿ ಇದೂ ಸೇರಿತ್ತು. ಅಂದರೆ ಕಾಯಿಲೆಯನ್ನು ಅವರು ಗುರುತಿಸಿದ್ದರು, ಮದ್ದು ಇರಲಿಲ್ಲ. ಈಗ ಇದೆ. ತಾಯಿಯನ್ನು ಮಗುವಿನಿಂದ ಬೇರ್ಪಡಿಸದೆ ಚಿಕಿತ್ಸೆ ಕೊಡುವ ತಾಯಿ-ಮಗು ಘಟಕವನ್ನು ನಿಮ್ಹಾನ್ಸ್ 2009ರಲ್ಲೇ ತೆರೆಯಿತು. ದಿನದ ಯಾವ ಹೊತ್ತಿಗಾದರೂ ಕನ್ನಡದಲ್ಲಿ ಮಾತಾಡಲು ಟೆಲಿ ಮಾನಸ್ ಸಂಖ್ಯೆ 14416 ಇದೆ. ದೃಷ್ಟಿ ತೆಗೆಸುವುದು ಮನೆಯವರ ಸಮಾಧಾನಕ್ಕೆ ಇರಲಿ, ಆದರೆ ಆಸ್ಪತ್ರೆ ಅದೇ ದಿನ. ಅಲ್ಲಿಯವರೆಗೆ ತಾಯಿ ಮಗು ಇಬ್ಬರನ್ನೇ ಬಿಡಬಾರದು.

ಆರನೇ ವಾರ ಬರುತ್ತದೆ. ಮಗುವಿನ ಪೆಂಟಾವೇಲೆಂಟ್, ಪೋಲಿಯೋ, ರೋಟಾವೈರಸ್, ನ್ಯುಮೊಕಾಕಲ್ ಲಸಿಕೆಗಳ ದಿನ ಇದು. ಅದನ್ನು ಮರೆಯುವ ಮನೆಗಳು ಕಡಿಮೆ. ಅಜ್ಜಿ ಮಗುವನ್ನು ಎತ್ತಿಕೊಂಡಿರುತ್ತಾಳೆ, ತಂದೆ ಟೋಕನ್ ಹಿಡಿದು ನಿಂತಿರುತ್ತಾನೆ, ತಾಯಿ ಫ್ಲಾಸ್ಕು ಬಟ್ಟೆಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತಿರುತ್ತಾಳೆ. ಮಗುವಿನ ತೂಕ ಬರೆದುಕೊಂಡು ಎಲ್ಲರೂ ಮನೆಗೆ ಬರುತ್ತಾರೆ. ಆ ಬೆಂಚಿನ ಮೇಲೆ ಕೂತವಳಿಗೂ ಅದು ತಪಾಸಣೆಯ ದಿನವಾಗಿತ್ತು ಎಂದು ಯಾರಿಗೂ ಹೊಳೆಯುವುದಿಲ್ಲ. ಬೇರೆಲ್ಲ ಲೋಪಗಳಿಗಿಂತ ಹೆಚ್ಚು ನೋಯಿಸುವ ಲೋಪ ಇದು, ಏಕೆಂದರೆ ಆಕೆ ಆಸ್ಪತ್ರೆಯವರೆಗೂ ಬಂದಾಗಿತ್ತು.

ಆ ದಿನ ಆಕೆಗೆ ಆಗಬೇಕಾದದ್ದು ಬಿ.ಪಿ., ಹಿಮೋಗ್ಲೋಬಿನ್, ಹೊಲಿಗೆಯ ಪರೀಕ್ಷೆ, ಗರ್ಭಕೋಶ ಕುಗ್ಗಿದೆಯೇ ಎಂಬ ಪರೀಕ್ಷೆ. ಬಸಿರಿನಲ್ಲಿ ಸಕ್ಕರೆ ಕಂಡವರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮರುಪರೀಕ್ಷೆ ಆಗಲೇಬೇಕು. ಸಕ್ಕರೆ ಹೋಯಿತೆಂದು ಬಿಟ್ಟವರಲ್ಲೇ ಕೆಲವು ವರ್ಷಕ್ಕೆ ಮಧುಮೇಹ ಗಟ್ಟಿಯಾಗಿ ನಿಲ್ಲುತ್ತದೆ. ಕೆಮ್ಮಿದಾಗ, ನಕ್ಕಾಗ ಮೂತ್ರ ಜಾರುತ್ತಿದೆಯೇ ಎಂದು ಕೇಳಬೇಕು. ಕೇಳದಿದ್ದರೆ ಯಾವ ಹೆಣ್ಣುಮಗಳೂ ತಾನಾಗಿ ಹೇಳುವುದಿಲ್ಲ. ಮುಂದಿನ ಮಗು ಯಾವಾಗ, ಬೇಕೇ ಬೇಡವೇ, ಅಲ್ಲಿಯವರೆಗೆ ವಂಕಿಯೋ, ಅಂತರ ಚುಚ್ಚುಮದ್ದೋ, ಛಾಯಾ ಮಾತ್ರೆಯೋ ಎಂಬ ಮಾತು ಆಕೆಯೊಂದಿಗೆ, ಖಾಸಗಿಯಾಗಿ ನಡೆಯಬೇಕು. ಹಿರಿಯರು ಹೊರಗೆ ಕೂರುವುದು ಒಳ್ಳೆಯದು. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಹೆರಿಗೆಯ ನಂತರ 180 ದಿನ ನಡೆಯಬೇಕು, ಎರಡನ್ನೂ ಒಂದೇ ಹೊತ್ತಿಗೆ ನುಂಗಬಾರದು. ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡವಳ ಬಿಳಿಚಿಕೊಂಡ ಮುಖವನ್ನು ಬಾಣಂತಿ ಕಳೆ ಎನ್ನಲಾಗದು.

ಆರು ವಾರದ ನಂತರ ಮಗುವಿನ ಲಸಿಕೆಗಳು 10ನೇ ಮತ್ತು 14ನೇ ವಾರಕ್ಕೆ. ಆಶಾ ಭೇಟಿಗಳು 2018ರಿಂದ ವಿಸ್ತರಣೆಗೊಂಡು 3, 6, 9, 12, 15ನೇ ತಿಂಗಳಿಗೂ ಇವೆ. ಪೀಣ್ಯ, ಮೈಸೂರು ರಸ್ತೆಗಳ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ, ಇಎಸ್‌ಐ ವಿಮೆಯಿರುವ ತಾಯಂದಿರಿಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳ ಸಹಿತ ರಜೆಯುಂಟು. ಹೆರಿಗೆಯ ದಿನದವರೆಗೂ ದುಡಿದವರಿಗೆ ಆ ರಜೆ ಮುಗಿಯುವುದೂ ಮಗುವಿಗೆ ಆರು ತಿಂಗಳು ತುಂಬುವುದೂ ಹೆಚ್ಚುಕಡಿಮೆ ಒಂದೇ ವಾರ. ಎದೆಹಾಲಿನ ಜತೆಗೆ ರಾಗಿ ಸರಿ ಶುರುವಾಗುವುದು ಆಗಲೇ. ಒಂಬತ್ತನೇ ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್, ಅದರೊಂದಿಗೆ ವಿಟಮಿನ್ ಎ. ಅಲ್ಲಿಯವರೆಗೂ ತಾಯಿ ಕಾರ್ಡ್ ಬೀರುವಿನ ತಳ ಸೇರದೆ ಕೈಗೆ ಸಿಗುವ ಜಾಗದಲ್ಲಿರಬೇಕು.